ಆಕ್ಟಿವೇಶನ್ ಲಾಕ್

ಆಕ್ಟಿವೇಶನ್ ಲಾಕ್ (ಸಕ್ರಿಯಗೊಳಿಕೆಯ ಬೀಗ) ಎಂಬುದು ಆಪಲ್ ಸಂಸ್ಥೆಯ ಐಫೋನ್, ಐಪ್ಯಾಡ್, ಆಪಲ್ ವಾಚ್ ಹಾಗೂ ಮ್ಯಾಕ್ ಗಣಕಗಳಲ್ಲಿರುವ ಕಳ್ಳತನ ನಿರೋಧಕ ವ್ಯವಸ್ಥೆ. ಈ ಬೀಗ ಜಾರಿಯಲ್ಲಿರುವ ಸಾಧನವನ್ನು ಯಾರಾದರೂ ಸಂಪೂರ್ಣವಾಗಿ ಅಳಿಸಿದರೂ, ಅದು ಯಾವ ಆಪಲ್ ಖಾತೆಯೊಂದಿಗೆ ಸೇರಿದೆಯೋ ಆ ಖಾತೆಯ ಗುಪ್ತಪದವನ್ನು ನೀಡದೆ ಸಾಮಾನ್ಯವಾಗಿ ಮತ್ತೆ ಬಳಕೆಗೆ ಬರುವುದಿಲ್ಲ. 2013ರಲ್ಲಿ ಐಫೋನಿಗಾಗಿ ಆರಂಭವಾದ ಈ ವ್ಯವಸ್ಥೆಯನ್ನು 2019ರಲ್ಲಿ ಮ್ಯಾಕ್ ಗಣಕಗಳಿಗೂ ವಿಸ್ತರಿಸಲಾಯಿತು.

ಬೀಗದ ದಾಖಲೆಯು ಗಣಕದ ಡಿಸ್ಕಿನಲ್ಲಿರದೆ ಆಪಲ್ ಸಂಸ್ಥೆಯ ಸರ್ವರ್‌ನಲ್ಲಿರುವುದು ಇದರ ಮುಖ್ಯ ಲಕ್ಷಣ. ಆದುದರಿಂದ ಡಿಸ್ಕನ್ನು ಅಳಿಸುವುದರಿಂದಾಗಲಿ, ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದರಿಂದಾಗಲಿ ಬೀಗ ತೆರೆಯುವುದಿಲ್ಲ. ಅಳಿಸುವಿಕೆಯು ಗಣಕದಲ್ಲಿದ್ದ ಮಾಹಿತಿಯನ್ನು ತೆಗೆಯುತ್ತದೆ; ಗಣಕಕ್ಕೂ ಖಾತೆಗೂ ಇರುವ ಸಂಬಂಧವನ್ನು ತೆಗೆಯುವುದಿಲ್ಲ. ಈ ಲೇಖನವು ಮುಖ್ಯವಾಗಿ ಅಳಿಸಲ್ಪಟ್ಟ ಮ್ಯಾಕ್ ಗಣಕಗಳಲ್ಲಿ ಕಂಡುಬರುವ ಬೀಗವನ್ನೂ ಅದನ್ನು ತೆರೆಯಲು ಇರುವ ಅಧಿಕೃತ ಮಾರ್ಗಗಳನ್ನೂ ವಿವರಿಸುತ್ತದೆ.

ಹಿನ್ನೆಲೆ

ಕಳೆದುಹೋದ ಐಫೋನನ್ನು ಭೂಪಟದಲ್ಲಿ ಗುರುತಿಸುವ "ಫೈಂಡ್ ಮೈ ಐಫೋನ್" ಸೇವೆಯನ್ನು ಆಪಲ್ 2009ರಲ್ಲಿ ಆರಂಭಿಸಿತು. 2011ರಲ್ಲಿ ಐಕ್ಲೌಡ್ ಸೇವೆಯ ಜೊತೆಗೆ ಮ್ಯಾಕ್ ಗಣಕಗಳಿಗೂ ಇದೇ ಬಗೆಯ ಸೌಲಭ್ಯ ದೊರೆಯಿತು. ಆದರೆ ಕದ್ದವನು ಸಾಧನವನ್ನು ಅಳಿಸಿಬಿಟ್ಟರೆ ಈ ಸೇವೆಯ ಉಪಯೋಗ ಅಲ್ಲಿಗೇ ಮುಗಿಯುತ್ತಿತ್ತು. ಅಳಿಸಿದ ಫೋನು ಹೊಸ ಫೋನಿನಂತೆಯೇ ಕೆಲಸ ಮಾಡುತ್ತಿದ್ದುದರಿಂದ ಅದಕ್ಕೆ ಒಳ್ಳೆಯ ಮರುಮಾರಾಟದ ಬೆಲೆ ಸಿಗುತ್ತಿತ್ತು.

2013ರಲ್ಲಿ ಅಮೆರಿಕದಲ್ಲಿ ಸುಮಾರು 31 ಲಕ್ಷ ಸ್ಮಾರ್ಟ್‌ಫೋನುಗಳು ಕಳವಾದವೆಂದು ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಅಂದಾಜು ಮಾಡಿತ್ತು. ಅದೇ ವರ್ಷದ ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎರಿಕ್ ಶ್ನೈಡರ್‌ಮನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಜಿಲ್ಲಾ ಅಟಾರ್ನಿ ಜಾರ್ಜ್ ಗ್ಯಾಸ್ಕಾನ್ ಒಂದು ಒಕ್ಕೂಟವನ್ನು ರಚಿಸಿ, ಕದ್ದ ಫೋನನ್ನು ನಿರುಪಯುಕ್ತಗೊಳಿಸುವ ವ್ಯವಸ್ಥೆಯನ್ನು ಅಳವಡಿಸಬೇಕೆಂದು ತಯಾರಕರ ಮೇಲೆ ಒತ್ತಡ ತಂದರು. 2013ರ ಸೆಪ್ಟೆಂಬರ್ 18ರಂದು ಬಿಡುಗಡೆಯಾದ ಐಓಎಸ್ 7ರಲ್ಲಿ ಆಕ್ಟಿವೇಶನ್ ಲಾಕ್ ಮೊದಲ ಬಾರಿಗೆ ಬಳಕೆಗೆ ಬಂದಿತು. 2014ರ ಐಓಎಸ್ 8ರಿಂದ, ಬಳಕೆದಾರರು ಐಕ್ಲೌಡ್ ಖಾತೆಗೆ ಪ್ರವೇಶಿಸಿದೊಡನೆ ಫೈಂಡ್ ಮೈ ಸೇವೆ ತಾನಾಗಿಯೇ ಜಾರಿಗೆ ಬರುವಂತಾಯಿತು. ಅದರೊಂದಿಗೆ ಬೀಗವೂ ಬೀಳತೊಡಗಿತು.

ಅಮೆರಿಕದ ಮಿನ್ನೆಸೋಟ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳು 2014ರಲ್ಲಿ ಇಂತಹ ವ್ಯವಸ್ಥೆಯನ್ನು ಕಡ್ಡಾಯಗೊಳಿಸುವ ಕಾನೂನುಗಳನ್ನು ರಚಿಸಿದವು. ಎರಡೂ 2015ರ ಜುಲೈ 1ರಿಂದ ಅನ್ವಯವಾದವು. ಈ ಕಾನೂನುಗಳ ವ್ಯಾಪ್ತಿ ಸ್ಮಾರ್ಟ್‌ಫೋನುಗಳಿಗೆ ಸೀಮಿತವಾಗಿತ್ತು. ಮ್ಯಾಕ್ ಗಣಕಗಳಲ್ಲಿ ಬೀಗವನ್ನು ಅಳವಡಿಸಿದ್ದು ಆಪಲ್ ಸಂಸ್ಥೆಯ ಸ್ವಂತ ನಿರ್ಧಾರ.

ಮ್ಯಾಕ್ ಗಣಕಗಳಿಗೆ ವಿಸ್ತರಣೆ

ಹಳೆಯ ಮ್ಯಾಕ್ ಗಣಕಗಳಲ್ಲಿ ಇಂತಹ ಬೀಗವನ್ನು ಭದ್ರವಾಗಿ ಜಾರಿಗೊಳಿಸಬಲ್ಲ ಯಂತ್ರಾಂಶ ಇರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಬಂದ ಐಮ್ಯಾಕ್ ಪ್ರೋ ಗಣಕದಲ್ಲಿ ಮೊದಲ ಬಾರಿಗೆ ಟಿ2 ಎಂಬ ಭದ್ರತಾ ಚಿಪ್ಪನ್ನು ಅಳವಡಿಸಲಾಯಿತು. 2019ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಮ್ಯಾಕ್‌ಓಎಸ್ ಕ್ಯಾಟಲಿನಾ ಆವೃತ್ತಿಯು ಟಿ2 ಚಿಪ್ಪಿರುವ ಗಣಕಗಳಿಗೆ ಆಕ್ಟಿವೇಶನ್ ಲಾಕ್ ಸೌಲಭ್ಯವನ್ನು ತಂದಿತು. 2020ರ ನವೆಂಬರ್‌ನಿಂದ ಬಂದಿರುವ ಎಂ ಶ್ರೇಣಿಯ ಆಪಲ್ ಚಿಪ್ಪಿನ ಗಣಕಗಳೆಲ್ಲವೂ ಈ ಸೌಲಭ್ಯವನ್ನು ಹೊಂದಿವೆ.

ಮ್ಯಾಕ್‌ನಲ್ಲಿ ಬೀಗ ಜಾರಿಯಾಗಲು ಟಿ2 ಅಥವಾ ಆಪಲ್ ಚಿಪ್, ಕ್ಯಾಟಲಿನಾ ಅಥವಾ ಅದಕ್ಕಿಂತ ಹೊಸ ಆವೃತ್ತಿ, ಖಾತೆಗೆ ಎರಡು ಹಂತದ ದೃಢೀಕರಣ ಹಾಗೂ ಫೈಂಡ್ ಮೈ ಸೇವೆ ಇವಿಷ್ಟೂ ಇರಬೇಕು. ಟಿ2 ಗಣಕಗಳಲ್ಲಿ ಆರಂಭಿಕ ಭದ್ರತೆಯ ಆಯ್ಕೆಗಳು ಮೂಲಸ್ಥಿತಿಯಲ್ಲಿಯೇ, ಅಂದರೆ ಪೂರ್ಣ ಭದ್ರತೆಯ ಮಟ್ಟದಲ್ಲಿ, ಇರಬೇಕಾಗುತ್ತದೆ. ಬೀಗಕ್ಕೆಂದು ಪ್ರತ್ಯೇಕವಾದ ಗುಂಡಿಯನ್ನು ಒತ್ತಬೇಕಾಗಿಲ್ಲ. ಈ ಕಾರಣದಿಂದ ತಮ್ಮ ಗಣಕಕ್ಕೆ ಇಂತಹದೊಂದು ಬೀಗವಿದೆ ಎಂಬುದು ಅನೇಕ ಬಳಕೆದಾರರಿಗೆ ಅದನ್ನು ಮಾರಿದ ನಂತರವೇ ತಿಳಿಯುತ್ತದೆ.

ಕಾರ್ಯವಿಧಾನ

ಪ್ರತಿಯೊಂದು ಮ್ಯಾಕ್ ಗಣಕಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಟಿ2 ಅಥವಾ ಆಪಲ್ ಚಿಪ್ಪಿನೊಳಗೆ ಆ ಗಣಕಕ್ಕೆ ಮಾತ್ರ ವಿಶಿಷ್ಟವಾದ ಗುರುತೂ ಅಡಕವಾಗಿರುತ್ತದೆ. ಬಳಕೆದಾರರು ಫೈಂಡ್ ಮೈ ಸೇವೆಯನ್ನು ಆರಂಭಿಸಿದಾಗ, ಈ ಗುರುತು ಅವರ ಖಾತೆಯೊಂದಿಗೆ ಸೇರಿ ಆಪಲ್ ಸರ್ವರ್‌ನಲ್ಲಿ ದಾಖಲಾಗುತ್ತದೆ.

ಅಳಿಸಲ್ಪಟ್ಟ ಗಣಕವನ್ನು ಮತ್ತೆ ಚಾಲನೆ ಮಾಡಿದಾಗ ಅದು ನೇರವಾಗಿ ಕಾರ್ಯಾಚರಣ ವ್ಯವಸ್ಥೆಯನ್ನು ತೆರೆಯದೆ ರಿಕವರಿ ಎಂಬ ಪುನಃಸ್ಥಾಪನ ವ್ಯವಸ್ಥೆಯನ್ನು ತೆರೆಯುತ್ತದೆ. ಅಲ್ಲಿಂದ ಅಂತರಜಾಲದ ಮೂಲಕ ಆಪಲ್ ಸರ್ವರನ್ನು ಸಂಪರ್ಕಿಸಿ, ತನ್ನನ್ನು ಸಕ್ರಿಯಗೊಳಿಸುವ ಪ್ರಮಾಣಪತ್ರವನ್ನು ಕೇಳುತ್ತದೆ. ಆ ಗಣಕದ ಮೇಲೆ ಬೀಗವಿಲ್ಲದಿದ್ದರೆ ಪ್ರಮಾಣಪತ್ರ ಕೂಡಲೇ ದೊರೆಯುತ್ತದೆ. ಬೀಗವಿದ್ದರೆ ಖಾತೆಯ ಹೆಸರು ಮತ್ತು ಗುಪ್ತಪದವನ್ನು ಕೇಳುವ ಪರದೆ ಮೂಡುತ್ತದೆ.

ಟಿ2 ಗಣಕಗಳಲ್ಲಿ, ಸರಿಯಾದ ಪ್ರಮಾಣಪತ್ರ ಇದೆಯೇ ಎಂದು ಚಿಪ್ಪಿನ ಆಂತರಿಕ ತಂತ್ರಾಂಶವೇ ಪರೀಕ್ಷಿಸುತ್ತದೆ. ಆಪಲ್ ಚಿಪ್ಪಿನ ಗಣಕಗಳಲ್ಲಿ ಈ ಏರ್ಪಾಡು ಇನ್ನೂ ಬಿಗಿಯಾದುದು. ಇಲ್ಲಿ ಪ್ರಮಾಣಪತ್ರದ ನೆರವಿನಿಂದ "ಲೋಕಲ್ ಪಾಲಿಸಿ" ಎಂಬ ಅನುಮತಿ ಕಡತವೊಂದು ಸಿದ್ಧವಾಗಬೇಕು. ಅದು ಇಲ್ಲದಿದ್ದರೆ ಗಣಕದ ಆರಂಭಿಕ ತಂತ್ರಾಂಶವು ಮ್ಯಾಕ್‌ಓಎಸ್ ಅನ್ನು ತೆರೆಯಲು ಬಿಡುವುದಿಲ್ಲ. ಹೀಗೆ ಪ್ರಶ್ನೆ ಕೇಳುವುದು ಗಣಕವಾದರೂ ಉತ್ತರ ಬರುವುದು ಸರ್ವರ್‌ನಿಂದ. ಗಣಕವನ್ನು ಎಷ್ಟು ಬಾರಿ ಅಳಿಸಿದರೂ ಉತ್ತರ ಬದಲಾಗದಿರುವುದಕ್ಕೆ ಇದೇ ಕಾರಣ.

ಇತರ ಬೀಗಗಳಿಂದ ವ್ಯತ್ಯಾಸ

ಮ್ಯಾಕ್ ಗಣಕದಲ್ಲಿ ಹಲವು ಬಗೆಯ ಬೀಗಗಳಿವೆ. ಒಂದರ ಪರಿಹಾರ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ಎದುರಿಗಿರುವುದು ಯಾವುದೆಂದು ಮೊದಲು ಗುರುತಿಸಬೇಕಾಗುತ್ತದೆ.

ಬಳಕೆದಾರರ ಗುಪ್ತಪದ: ಗಣಕವನ್ನು ತೆರೆದಾಗ ದಿನವೂ ಕೇಳುವ ಪದ. ಗಣಕವನ್ನು ಅಳಿಸಿದರೆ ಇದು ಇಲ್ಲವಾಗುತ್ತದೆ.

ಫೈಲ್‌ವಾಲ್ಟ್: ಡಿಸ್ಕಿನಲ್ಲಿರುವ ದತ್ತಾಂಶವನ್ನು ಗೂಢಲಿಪಿಯಲ್ಲಿ ಕಾಪಾಡುವ ವ್ಯವಸ್ಥೆ. ಇದು ರಕ್ಷಿಸುವುದು ಮಾಹಿತಿಯನ್ನು, ಗಣಕವನ್ನಲ್ಲ. ಅಳಿಸಿದರೆ ಇದೂ ಇಲ್ಲವಾಗುತ್ತದೆ.

ಫರ್ಮ್‌ವೇರ್ ಗುಪ್ತಪದ: ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಲ್ಲಿ ಬೇರೆ ಡಿಸ್ಕಿನಿಂದ ಚಾಲನೆ ಮಾಡುವುದನ್ನು ತಡೆಯುವ ಪದ. ಬೀಗದ ಚಿತ್ರವೊಂದು ಪರದೆಯ ಮೇಲೆ ಮೂಡಿ ಗುಪ್ತಪದಕ್ಕಾಗಿ ಕೇಳುತ್ತದೆ. ಇದಕ್ಕೂ ಆಪಲ್ ಖಾತೆಗೂ ಸಂಬಂಧವಿಲ್ಲ.

ರಿಮೋಟ್ ಮ್ಯಾನೇಜ್‌ಮೆಂಟ್: ಸಂಸ್ಥೆಯೊಂದು ತನ್ನ ಸ್ವತ್ತಾದ ಗಣಕಗಳನ್ನು ದೂರದಿಂದ ನಿರ್ವಹಿಸುವ ಏರ್ಪಾಡು. ಅಳಿಸಿದ ನಂತರವೂ ಆ ಸಂಸ್ಥೆಯ ಹೆಸರು ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಇದರಿಂದ ಬಿಡುಗಡೆ ನೀಡಬೇಕಾದುದು ಆ ಸಂಸ್ಥೆಯೇ.

ಬೀಗವನ್ನು ತೆರೆಯುವ ಮಾರ್ಗಗಳು

ಖಾತೆ ತಮ್ಮದೇ ಆಗಿದ್ದಲ್ಲಿ: ಬೀಗದ ಪರದೆಯಲ್ಲಿ ತಮ್ಮ ಖಾತೆಯ ಗುಪ್ತಪದವನ್ನು ನೀಡಿದರೆ ಸಾಕು. ಈ ಕೆಲಸಕ್ಕೆ ಗಣಕಕ್ಕೆ ಅಂತರಜಾಲದ ಸಂಪರ್ಕ ಅತ್ಯಗತ್ಯ. ಗುಪ್ತಪದ ಮರೆತಿದ್ದರೆ ಅದೇ ಖಾತೆಯಲ್ಲಿರುವ ಇನ್ನೊಂದು ಸಾಧನದಿಂದ ಅಥವಾ ಆಪಲ್ ಸಂಸ್ಥೆಯ ಜಾಲತಾಣದಲ್ಲಿ ನೋಂದಾಯಿತ ದೂರವಾಣಿ ಸಂಖ್ಯೆಯ ನೆರವಿನಿಂದ ಹೊಸ ಗುಪ್ತಪದವನ್ನು ಪಡೆಯಬಹುದು. ಇವೆರಡೂ ಇಲ್ಲದಿದ್ದರೆ "ಖಾತೆ ಮರುವಶ" ಎಂಬ ಪ್ರಕ್ರಿಯೆಯಿದೆ. ಬೇರೊಬ್ಬರು ಖಾತೆಯನ್ನು ಕಸಿದುಕೊಳ್ಳದಂತೆ ಇದರಲ್ಲಿ ಬೇಕೆಂದೇ ಕೆಲವು ದಿನಗಳ ಅಥವಾ ಇನ್ನೂ ದೀರ್ಘವಾದ ಕಾಯುವಿಕೆಯನ್ನು ಇರಿಸಲಾಗಿದೆ.

ಹಿಂದಿನ ಮಾಲೀಕರ ಖಾತೆಯಾಗಿದ್ದಲ್ಲಿ: ಕೊಂಡ ಗಣಕದಲ್ಲಿ ಬೀಗ ಕಂಡುಬಂದರೆ ಮಾರಿದವರನ್ನು ಸಂಪರ್ಕಿಸುವುದು ಅತ್ಯಂತ ಸರಳವಾದ ದಾರಿ. ಅವರು ಎದುರಿಗೆ ಬರಬೇಕಾಗಿಲ್ಲ, ಗುಪ್ತಪದವನ್ನು ಹೇಳಬೇಕಾಗಿಯೂ ಇಲ್ಲ. ಐಕ್ಲೌಡ್ ಜಾಲತಾಣದಲ್ಲಿ ತಮ್ಮ ಖಾತೆಗೆ ಪ್ರವೇಶಿಸಿ, ಸಾಧನಗಳ ಪಟ್ಟಿಯಲ್ಲಿ ಆ ಗಣಕವನ್ನು ಆರಿಸಿ, ಅದನ್ನು ಖಾತೆಯಿಂದ ತೆಗೆದುಹಾಕಿದರೆ ಬೀಗ ತೆರೆಯುತ್ತದೆ. ಅನಂತರ ಗಣಕವನ್ನು ಮತ್ತೆ ಚಾಲನೆ ಮಾಡಬೇಕು. ಜಾಲತಾಣದಿಂದ ಗಣಕವನ್ನು ಅಳಿಸುವುದಕ್ಕೂ ಅದನ್ನು ಖಾತೆಯಿಂದ ತೆಗೆಯುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ಮಾತ್ರ ಮಾಡಿದರೆ ಬೀಗ ಹಾಗೆಯೇ ಉಳಿಯುತ್ತದೆ.

ಖರೀದಿಯ ದಾಖಲೆಯ ಆಧಾರದಲ್ಲಿ: ಗಣಕದ ಕ್ರಮಸಂಖ್ಯೆಯನ್ನು ನಮೂದಿಸಿರುವ ಮೂಲ ಖರೀದಿಯ ರಸೀದಿ ಇದ್ದರೆ, ಬೀಗ ತೆರೆಯುವಂತೆ ಆಪಲ್ ಸಂಸ್ಥೆಗೆ ಮನವಿ ಸಲ್ಲಿಸಬಹುದು. ಕಳೆದುಹೋಗಿದೆ ಎಂದು ಮಾಲೀಕರು ಗುರುತಿಸಿರುವ ಸಾಧನಗಳಿಗೂ ಶಾಲೆ ಅಥವಾ ಉದ್ಯಮ ಸಂಸ್ಥೆಗಳ ನಿರ್ವಹಣೆಯಲ್ಲಿರುವ ಸಾಧನಗಳಿಗೂ ಈ ಮಾರ್ಗ ಅನ್ವಯಿಸುವುದಿಲ್ಲ. ಮನವಿ ಸಲ್ಲಿಸಿದ ಮಾತ್ರಕ್ಕೆ ಬೀಗ ತೆರೆಯುವ ಭರವಸೆಯೂ ಇಲ್ಲ. ಮನವಿ ಒಪ್ಪಿಗೆಯಾದಲ್ಲಿ ಸಾಧನದಲ್ಲಿರುವ ದತ್ತಾಂಶವೆಲ್ಲ ಅಳಿಸಿಹೋಗುತ್ತದೆ.

ಸಂಸ್ಥೆಯ ಗಣಕವಾಗಿದ್ದಲ್ಲಿ: ನೌಕರರು ಅಥವಾ ವಿದ್ಯಾರ್ಥಿಗಳು ಸಂಸ್ಥೆಯ ಗಣಕದಲ್ಲಿ ತಮ್ಮ ಸ್ವಂತ ಖಾತೆಯನ್ನು ಬಳಸಿ, ಬಳಿಕ ಸಂಸ್ಥೆಯನ್ನು ತೊರೆಯುವುದುಂಟು. ಇಂತಹ ಸಂದರ್ಭಕ್ಕಾಗಿ, ಗಣಕಗಳನ್ನು ನಿರ್ವಹಿಸುವ ತಂತ್ರಾಂಶದಲ್ಲಿ ಬೀಗ ತೆರೆಯುವ ಸಂಕೇತವೊಂದನ್ನು ಮೊದಲೇ ಕಾಯ್ದಿರಿಸುವ ವ್ಯವಸ್ಥೆಯಿದೆ. ಬೀಗದ ಪರದೆಯಲ್ಲಿ ಗುಪ್ತಪದದ ಬದಲಾಗಿ ಈ ಸಂಕೇತವನ್ನು ಬಳಸಲು ಸಾಧ್ಯ. ಅದು ಸಂಸ್ಥೆಯ ತಂತ್ರಜ್ಞಾನ ವಿಭಾಗದಲ್ಲಿ ಮಾತ್ರ ದೊರೆಯುತ್ತದೆ.

ಮೃತರ ಖಾತೆಯಾಗಿದ್ದಲ್ಲಿ: ಮೃತಪಟ್ಟವರ ಗಣಕವು ಕುಟುಂಬದ ಕೈಯಲ್ಲಿದ್ದೂ ಬಳಕೆಗೆ ಬಾರದಿರುವ ಸಂದರ್ಭಗಳು ಎದುರಾಗುತ್ತವೆ. 2021ರ ಡಿಸೆಂಬರ್‌ನಲ್ಲಿ ಆಪಲ್ "ಲೆಗಸಿ ಕಾಂಟ್ಯಾಕ್ಟ್" (ಉತ್ತರಾಧಿಕಾರಿ ಸಂಪರ್ಕ) ಎಂಬ ಸೌಲಭ್ಯವನ್ನು ಆರಂಭಿಸಿತು. ಇದರಲ್ಲಿ ಖಾತೆದಾರರು ತಾವು ಜೀವಂತವಿರುವಾಗಲೇ ನಂಬಿಕಸ್ತರೊಬ್ಬರನ್ನು ಹೆಸರಿಸಿ, ಅವರಿಗೆ ಒಂದು ಪ್ರವೇಶ ಕೀಲಿಯನ್ನು ನೀಡಿರುತ್ತಾರೆ. ಅವರು ಆ ಕೀಲಿ ಮತ್ತು ಮರಣ ಪ್ರಮಾಣಪತ್ರವನ್ನು ಸಲ್ಲಿಸಿ ಒಪ್ಪಿಗೆ ಪಡೆದಾಗ, ಆ ಖಾತೆಯನ್ನು ಬಳಸುತ್ತಿದ್ದ ಸಾಧನಗಳ ಬೀಗವೂ ತೆರೆಯುತ್ತದೆ. ಯಾರನ್ನೂ ಹೆಸರಿಸದಿದ್ದ ಪಕ್ಷದಲ್ಲಿಯೂ ಮರಣ ಪ್ರಮಾಣಪತ್ರ ಮತ್ತಿತರ ಕಾನೂನುಬದ್ಧ ದಾಖಲೆಗಳೊಂದಿಗೆ ಬೀಗ ತೆರೆಯುವಂತೆ ಕೋರಬಹುದು. ಆಗ ಸಾಧನವು ಮರಳಿ ಬಳಕೆಗೆ ಬರುತ್ತದೆಯಾದರೂ ಅದರಲ್ಲಿದ್ದ ಚಿತ್ರಗಳು ಮತ್ತು ಬರಹಗಳು ಉಳಿಯುವುದಿಲ್ಲ.

ಮಾರುವವರು ಅನುಸರಿಸಬೇಕಾದ ಕ್ರಮ

ಗಣಕವನ್ನು ಮಾರುವ ಅಥವಾ ದಾನ ಮಾಡುವ ಮೊದಲು ಬೀಗವನ್ನು ತೆಗೆಯುವುದು ಮಾಲೀಕರ ಹೊಣೆ. 2021ರ ಮಾಂಟೆರೆ ಮತ್ತು ಅದರ ನಂತರದ ಮ್ಯಾಕ್‌ಓಎಸ್ ಆವೃತ್ತಿಗಳಲ್ಲಿ, ಟಿ2 ಅಥವಾ ಆಪಲ್ ಚಿಪ್ಪಿನ ಗಣಕಗಳಿಗೆ, ಎಲ್ಲ ದತ್ತಾಂಶ ಮತ್ತು ಆಯ್ಕೆಗಳನ್ನು ಒಟ್ಟಿಗೆ ಅಳಿಸುವ ಸೌಲಭ್ಯವಿದೆ. ಇದು ಖಾತೆಯಿಂದ ಹೊರಬರುವುದು, ಫೈಂಡ್ ಮೈ ಸೇವೆಯನ್ನು ನಿಲ್ಲಿಸುವುದು, ಬೀಗ ತೆಗೆಯುವುದು ಹಾಗೂ ಮಾಹಿತಿಯನ್ನು ಅಳಿಸುವುದು ಎಂಬ ನಾಲ್ಕು ಕೆಲಸಗಳನ್ನೂ ಕ್ರಮವಾಗಿ ಮಾಡಿ ಮುಗಿಸುತ್ತದೆ. ಹಳೆಯ ಆವೃತ್ತಿಗಳಲ್ಲಿ ಮೊದಲು ಐಕ್ಲೌಡ್ ಖಾತೆಯಿಂದ ಹೊರಬಂದು, ಆ ಬಳಿಕವೇ ಡಿಸ್ಕನ್ನು ಅಳಿಸಬೇಕು. ಈ ಕ್ರಮ ತಲೆಕೆಳಗಾದರೆ ಗಣಕ ಖಾಲಿಯಾಗುತ್ತದೆ, ಬೀಗ ಮಾತ್ರ ಉಳಿದುಕೊಳ್ಳುತ್ತದೆ.

ಕೊಳ್ಳುವವರು ಪರೀಕ್ಷಿಸಬೇಕಾದ ಅಂಶಗಳು

ಸಾಧನವೊಂದರ ಮೇಲೆ ಬೀಗವಿದೆಯೇ ಎಂಬುದನ್ನು ತಿಳಿಯಲು ಆಪಲ್ 2014ರಲ್ಲಿ ಒಂದು ಸಾರ್ವಜನಿಕ ಜಾಲಪುಟವನ್ನು ತೆರೆದಿತ್ತು. 2017ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆದುದರಿಂದ ಹಣ ನೀಡುವ ಮೊದಲು ಗಣಕವನ್ನೇ ಪರೀಕ್ಷಿಸುವುದು ಅಗತ್ಯ.

1. ಗಣಕವು ಈಗಾಗಲೇ ಅಳಿಸಲ್ಪಟ್ಟಿದ್ದರೆ ಅದನ್ನು ಚಾಲನೆ ಮಾಡಿ, ವೈಫೈಗೆ ಜೋಡಿಸಿ, ಆರಂಭಿಕ ಸಿದ್ಧತೆಯ ಹಂತಗಳನ್ನು ದಾಟಿ ಮುಖ್ಯ ಪರದೆಯವರೆಗೆ ಹೋಗಬೇಕು. "ಹಲೋ" ಎಂಬ ಸ್ವಾಗತದ ಪರದೆ ಕಂಡಷ್ಟಕ್ಕೇ ನಿಲ್ಲಬಾರದು.

2. ಗಣಕವು ಇನ್ನೂ ಬಳಕೆಯಲ್ಲಿದ್ದರೆ ಸಿಸ್ಟಮ್ ಇನ್ಫರ್ಮೇಶನ್ ತಂತ್ರಾಂಶದ ಹಾರ್ಡ್‌ವೇರ್ ವಿಭಾಗದಲ್ಲಿ ಆಕ್ಟಿವೇಶನ್ ಲಾಕ್‌ನ ಸ್ಥಿತಿ ಕಾಣುತ್ತದೆ.

3. ಯಾವುದಾದರೂ ಸಂಸ್ಥೆಯ ರಿಮೋಟ್ ಮ್ಯಾನೇಜ್‌ಮೆಂಟ್ ಪರದೆ ಮೂಡಿದರೆ, ಆ ಸಂಸ್ಥೆಯು ಗಣಕವನ್ನು ತನ್ನ ದಾಖಲೆಯಿಂದ ಬಿಡುಗಡೆ ಮಾಡುವವರೆಗೆ ಕೊಳ್ಳಬಾರದು.

4. ಕ್ರಮಸಂಖ್ಯೆಯಿರುವ ಮೂಲ ರಸೀದಿಯ ಪ್ರತಿಯನ್ನು ಪಡೆದುಕೊಳ್ಳಬೇಕು.

ಅನೇಕ ತಂತ್ರಜ್ಞಾನ ಸಂಸ್ಥೆಗಳಿರುವ ಬೆಂಗಳೂರಿನಂತಹ ನಗರಗಳಲ್ಲಿ ಬಳಸಿದ ಲ್ಯಾಪ್‌ಟಾಪ್‌ಗಳ ವ್ಯಾಪಾರ ವಿಸ್ತಾರವಾಗಿದೆ. ಕಡಿಮೆ ಬೆಲೆಗೆ ಗಣಕವನ್ನು ಅರಸುವ ವಿದ್ಯಾರ್ಥಿಗಳಿಗೆ ಮೂರನೆಯ ಮತ್ತು ನಾಲ್ಕನೆಯ ಅಂಶಗಳು ವಿಶೇಷವಾಗಿ ಅನ್ವಯಿಸುತ್ತವೆ.

ಬೀಗ ಮುರಿಯುವ ಭರವಸೆಗಳು

ಅಂತರಜಾಲದಲ್ಲಿ ಬೀಗವನ್ನು ಮುರಿದುಕೊಡುವುದಾಗಿ ಹೇಳುವ ತಂತ್ರಾಂಶಗಳೂ ಸೇವೆಗಳೂ ಇವೆ. ಇವುಗಳಲ್ಲಿ ಹಲವು ಹಣವನ್ನು ಪಡೆದು ಏನನ್ನೂ ಮಾಡದ ವಂಚನೆಗಳು. ಇನ್ನು ಕೆಲವು, ಗಣಕವನ್ನು ಕಳೆದುಕೊಂಡವರಿಗೆ ಆಪಲ್ ಸಂಸ್ಥೆಯ ಹೆಸರಿನಲ್ಲಿ ನಕಲಿ ಸಂದೇಶವನ್ನು ಕಳುಹಿಸಿ ಅವರಿಂದಲೇ ಗುಪ್ತಪದವನ್ನು ಕದಿಯುತ್ತವೆ. ಕಳೆದುಹೋದ ಸಾಧನ ಸಿಕ್ಕಿದೆ ಎಂದು ತಿಳಿಸಿ ಗುಪ್ತಪದವನ್ನು ಕೇಳುವ ಯಾವ ಸಂದೇಶವನ್ನೂ ನಂಬಬಾರದು.

2019ರ ಸೆಪ್ಟೆಂಬರ್‌ನಲ್ಲಿ "ಚೆಕ್‌ಎಂ8" ಎಂಬ ದೋಷವು ಬಹಿರಂಗವಾಯಿತು. ಇದು ಆಪಲ್‌ನ ಕೆಲವು ಹಳೆಯ ಚಿಪ್ಪುಗಳ ಮೂಲ ತಂತ್ರಾಂಶದಲ್ಲಿದ್ದ ದೋಷ. ತಯಾರಿಕೆಯ ಹಂತದಲ್ಲಿಯೇ ಚಿಪ್ಪಿನಲ್ಲಿ ಅಚ್ಚಾದ ತಂತ್ರಾಂಶವಾದ್ದರಿಂದ ಇದನ್ನು ಆ ಸಾಧನಗಳಲ್ಲಿ ಸರಿಪಡಿಸಲು ಬರುವುದಿಲ್ಲ. ಟಿ2 ಚಿಪ್ಪೂ ಇದಕ್ಕೆ ಒಳಪಟ್ಟಿತ್ತು. ಎಂ ಶ್ರೇಣಿಯ ಚಿಪ್ಪುಗಳಿಗೆ ಈ ದೋಷ ಅನ್ವಯಿಸುವುದಿಲ್ಲ. ಇಂತಹ ದೋಷವನ್ನು ಬಳಸಿ ಗಣಕದ ಪರದೆಯನ್ನು ದಾಟಿದರೂ ಸರ್ವರ್‌ನಲ್ಲಿರುವ ದಾಖಲೆ ಬದಲಾಗುವುದಿಲ್ಲ. ಮುಂದೆ ಗಣಕವನ್ನು ಪುನಃಸ್ಥಾಪಿಸಬೇಕಾಗಿ ಬಂದಾಗ ಬೀಗ ಮತ್ತೆ ಎದುರಾಗಬಹುದು.

ಭಾರತದ ಕಾನೂನು

ಕಳವಾದದ್ದೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ, ಗಣಕವನ್ನು ಅಪ್ರಾಮಾಣಿಕವಾಗಿ ಪಡೆದು ಇಟ್ಟುಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 66ಬಿ ಕಲಮಿನಡಿ ಅಪರಾಧ. ಇದಕ್ಕೆ ಮೂರು ವರ್ಷಗಳವರೆಗಿನ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಬೇರೊಬ್ಬರ ಗುಪ್ತಪದವನ್ನು ವಂಚನೆಯಿಂದ ಬಳಸುವುದು ಅದೇ ಕಾಯಿದೆಯ 66ಸಿ ಕಲಮಿನ ವ್ಯಾಪ್ತಿಗೆ ಬರುತ್ತದೆ. ಕಳವಿನ ಸ್ವತ್ತನ್ನು ಪಡೆಯುವುದರ ಬಗ್ಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಲ್ಲಿಯೂ ವಿಧಿಗಳಿವೆ.

ಕಳೆದುಹೋದ ಮೊಬೈಲ್ ಫೋನನ್ನು ಅದರ ಐಎಂಇಐ ಸಂಖ್ಯೆಯ ಮೂಲಕ ತಡೆಹಿಡಿಯಲು ಕೇಂದ್ರ ದೂರಸಂಪರ್ಕ ಇಲಾಖೆಯ "ಸಂಚಾರ್ ಸಾಥಿ" ಜಾಲತಾಣ 2023ರ ಮೇ ತಿಂಗಳಿನಿಂದ ಲಭ್ಯವಿದೆ. ಮ್ಯಾಕ್ ಗಣಕಗಳಿಗೆ ಐಎಂಇಐ ಸಂಖ್ಯೆ ಇರುವುದಿಲ್ಲವಾದ್ದರಿಂದ ಅವು ಈ ವ್ಯವಸ್ಥೆಯ ಹೊರಗೆ ಉಳಿಯುತ್ತವೆ. ಹಾಗಾಗಿ ಗಣಕದ ಕ್ರಮಸಂಖ್ಯೆಯನ್ನು ಬೇರೆಡೆ ಬರೆದಿಟ್ಟುಕೊಂಡಿದ್ದರೆ ಪೊಲೀಸರಿಗೆ ದೂರು ನೀಡುವಾಗ ನೆರವಾಗುತ್ತದೆ.

ಪರಿಣಾಮ ಮತ್ತು ಟೀಕೆ

ಬೀಗ ಜಾರಿಗೆ ಬಂದ ನಂತರದ ಆರು ತಿಂಗಳಲ್ಲಿ, ಅದಕ್ಕೆ ಹಿಂದಿನ ಆರು ತಿಂಗಳಿಗೆ ಹೋಲಿಸಿದಾಗ, ಐಫೋನ್ ಸುಲಿಗೆಯ ಪ್ರಕರಣಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶೇ. 38ರಷ್ಟು ಮತ್ತು ಲಂಡನ್‌ನಲ್ಲಿ ಐಫೋನ್ ಕಳವುಗಳು ಶೇ. 24ರಷ್ಟು ಇಳಿದವೆಂದು 2014ರ ಜೂನ್‌ನಲ್ಲಿ ನ್ಯೂಯಾರ್ಕ್ ಅಟಾರ್ನಿ ಜನರಲ್ ಕಚೇರಿಯ ವರದಿ ತಿಳಿಸಿತು. 2024ರ ಐಓಎಸ್ 18ರೊಂದಿಗೆ ಐಫೋನಿನ ಬ್ಯಾಟರಿ, ಪರದೆ ಮತ್ತು ಕ್ಯಾಮರಾ ಮುಂತಾದ ಬಿಡಿಭಾಗಗಳಿಗೂ ಈ ಬೀಗವನ್ನು ವಿಸ್ತರಿಸಲಾಯಿತು. ಕದ್ದ ಫೋನುಗಳನ್ನು ಬಿಡಿಸಿ ಭಾಗಗಳನ್ನು ಮಾರುವುದನ್ನು ತಡೆಯುವುದು ಇದರ ಉದ್ದೇಶ.

ಈ ವ್ಯವಸ್ಥೆಗೆ ಟೀಕೆಗಳೂ ಇವೆ. ಹಳೆಯ ಗಣಕಗಳನ್ನು ದುರಸ್ತಿ ಮಾಡಿ ಮತ್ತೆ ಬಳಕೆಗೆ ತರುವ ಉದ್ಯಮದವರು, ಪ್ರಾಮಾಣಿಕವಾಗಿ ದಾನವಾಗಿ ಅಥವಾ ಮಾರಾಟವಾಗಿ ಬಂದ ಸುಸ್ಥಿತಿಯ ಗಣಕಗಳನ್ನು ಕೂಡ ಕೇವಲ ಬೀಗದ ಕಾರಣದಿಂದ ಚೂರುಮಾಡಬೇಕಾಗಿದೆ ಎಂದು ದೂರಿದ್ದಾರೆ. ಹಿಂದಿನ ಮಾಲೀಕರ ಮರೆವಿನಿಂದ ಉಳಿದ ಬೀಗಕ್ಕೂ ಕಳವಿನ ಕಾರಣದಿಂದ ಉಳಿದ ಬೀಗಕ್ಕೂ ಸರ್ವರ್ ಭೇದವೆಣಿಸುವುದಿಲ್ಲ. ಇದರಿಂದ ಬಳಸಬಹುದಾದ ಯಂತ್ರಗಳು ವಿದ್ಯುನ್ಮಾನ ತ್ಯಾಜ್ಯವಾಗುತ್ತವೆ ಎಂಬುದು ಅವರ ಆಕ್ಷೇಪ. ಸ್ವತ್ತಿನ ಒಡೆತನವನ್ನು ನಿರ್ಧರಿಸುವ ಅಂತಿಮ ಅಧಿಕಾರ ಖಾಸಗಿ ಸಂಸ್ಥೆಯೊಂದರ ದಾಖಲೆಗೆ ಸೇರಿದಂತಾಗಿದೆ ಎಂಬ ವಾದವೂ ಇದೆ. ಕಳ್ಳತನವನ್ನು ನಿಷ್ಪ್ರಯೋಜಕಗೊಳಿಸುವ ಬಿಗಿಯೇ ಮರುಬಳಕೆಗೂ ಅಡ್ಡಿಯಾಗಿರುವುದು ಈ ಚರ್ಚೆಯ ತಿರುಳು.

ಇತರ ಸಂಸ್ಥೆಗಳ ವ್ಯವಸ್ಥೆಗಳು

ಗೂಗಲ್ 2015ರಲ್ಲಿ ಆಂಡ್ರಾಯ್ಡ್ 5.1 ಆವೃತ್ತಿಯೊಂದಿಗೆ "ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್" ಎಂಬ ಇದೇ ಬಗೆಯ ರಕ್ಷಣೆಯನ್ನು ತಂದಿತು. ಮಾಲೀಕರ ಅನುಮತಿಯಿಲ್ಲದೆ ಅಳಿಸಲ್ಪಟ್ಟ ಫೋನು, ಹಿಂದಿನ ಗೂಗಲ್ ಖಾತೆಯ ದೃಢೀಕರಣವನ್ನು ಕೇಳುತ್ತದೆ. ಶಾಲೆ ಅಥವಾ ಕಚೇರಿಯ ನಿರ್ವಹಣೆಯಲ್ಲಿರುವ ಕ್ರೋಮ್‌ಬುಕ್ ಗಣಕಗಳು ಅಳಿಸಿದ ನಂತರವೂ ಅದೇ ಸಂಸ್ಥೆಗೆ ಮತ್ತೆ ನೋಂದಣಿಯಾಗುವಂತೆ ಏರ್ಪಡಿಸಬಹುದು. ವೈಯಕ್ತಿಕ ಬಳಕೆಯ ವಿಂಡೋಸ್ ಗಣಕಗಳಲ್ಲಿ ಖಾತೆಗೆ ಜೋಡಿಸಿದ ಇಂತಹ ಬೀಗ ಸಾಮಾನ್ಯವಾಗಿ ಇರುವುದಿಲ್ಲ. ಅವುಗಳಲ್ಲಿರುವ ಬಿಟ್‌ಲಾಕರ್ ದತ್ತಾಂಶವನ್ನು ರಕ್ಷಿಸುತ್ತದೆಯೇ ಹೊರತು, ಡಿಸ್ಕನ್ನು ಅಳಿಸಿ ಗಣಕವನ್ನು ಹೊಸದಾಗಿ ಬಳಸುವುದನ್ನು ತಡೆಯುವುದಿಲ್ಲ.